ಊಟದ ಮೇಜಿನ ಮೇಲೆ ಕಾವೇರಿ

ನನ್ನ ಮೊದಲ ಹತ್ತು ಸೈನಿಕರು ನಿಂತದ್ದು ಹುಲ್ಲುಗಾವಲಿನಲ್ಲಿ. ಹುಲ್ಲೆಂದರೆ ಎಂಥ ಹುಲ್ಲು! ಕಡುಹಸಿರು, ನಡುನಡುವೆ ಹಳದಿ ಹೂ, ಪಕ್ಕದಲ್ಲೊಂದು ಪಾಚಿಗಟ್ಟಿದ ಬಂಡೆ, ಬಂಡೆಗೊರಗಿ ಮುರಿದ ಗಾಡಿಚಕ್ರ. ಇಷ್ಟೂ ಇದ್ದದ್ದು 25 ಮಿಲಿಮೀಟರ್ ಅಗಲದ ದುಂಡು ಬೇಸಿನ ಮೇಲೆ, ಅಂದರೆ ತೊಂಬತ್ತರ ದಶಕದ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ. ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು.

‘ಯಾರೋ ಇವರೆಲ್ಲ?’

‘ಟಿಪ್ಪು ಸೈನ್ಯದವರಮ್ಮ. ಶ್ರೀರಂಗಪಟ್ಟಣ, 1799, ಮೇ 4.’

‘ಮೇ ತಿಂಗಳಲ್ಲಿ ಪಟ್ಟಣದಲ್ಲಿ ಈ ಹುಲ್ಲು ಎಲ್ಲಿತ್ತೋ? ಒಳ್ಳೇ ಪಾರ್ಕ್ ಮಾಡಿದ್ದೀಯಲ್ಲ!’

ಅಮ್ಮನಿಗೆ ಪಾರ್ಕ್ ಮಾಡಿ ಗೊತ್ತು. ದಸರಾ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಿನ ಮುಂದೆ ತಟ್ಟೆಯಲ್ಲಿ ರಾಗಿ ಮೊಳಕೆ ಹಾಕಿ ಗದ್ದೆ ಎಬ್ಬಿಸಿದವಳು. ಆದರೂ ನನಗೆ ಮಾತು ಚುಚ್ಚಿತು. ಆಮೇಲೆ ಯೋಚಿಸಿದರೆ, ಆ ಹುಲ್ಲು ನಾನು ಕಂಡದ್ದೇ ಅಲ್ಲ. ಇಂಗ್ಲೆಂಡಿನ ಹವ್ಯಾಸಿಗಳ ವಿಡಿಯೋ ನೋಡಿ, ಅವರೂರಿನ ಹಸಿರು ಪುಡಿಯನ್ನೇ ತರಿಸಿ, ಅವರು ಅಂಟಿಸಿದ ಹಾಗೆ ಅಂಟಿಸಿದ್ದೆ.

ಇದು ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು, ಟೇಪಿನಲ್ಲಿ ಅಳೆದು ನಡೆಸಿ, ದಾಳ ಹಾಕಿ ಆಡುವ ಯುದ್ಧದಾಟ. 1812ರಲ್ಲಿ ರೈಸ್‌ವಿಟ್ಜ್ ಎಂಬಾತ ಪ್ರಷ್ಯಾದ ರಾಜನಿಗೆ ಒಪ್ಪಿಸಿದ ಆಟದ ಮೇಜಿನಲ್ಲೇ ಗುಡ್ಡ, ಹೊಳೆ, ದಾರಿಗಳನ್ನು ಬಿಲ್ಲೆಬಿಲ್ಲೆಯಾಗಿ ಮಾಡಿ ಬೇಕಾದಂತೆ ಜೋಡಿಸುವ ಏರ್ಪಾಡಿತ್ತು. ನೆಲ ಮಾಡುವ ಹುಚ್ಚು ನಮ್ಮ ಕಾಲದ್ದಲ್ಲ.

ಎಲ್ಲರೂ ಮಾಡುವ ತಪ್ಪುಗಳನ್ನು ನಾನೂ ಮಾಡಿದೆ. ಥರ್ಮಾಕೋಲಿನ ಕೋಟೆಗೋಡೆಗೆ ಡಬ್ಬಿಯ ಸ್ಪ್ರೇ ಬಣ್ಣ ಹೊಡೆದೆ; ಗೋಡೆ ಕಣ್ಣೆದುರೇ ಕರಗಿತು. ರಟ್ಟಿನ ಒಂದೇ ಮಗ್ಗುಲಿಗೆ ಬಿಳಿ ಅಂಟು ಬಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಅದು ಹಪ್ಪಳದಂತೆ ಸೊಟ್ಟಗಾಗಿತ್ತು. ಎರಡೂ ಮಗ್ಗುಲಿಗೆ ಬಳಿದು, ಮೇಲೆ ಭಾರ ಹೇರಿದರೆ ಸೊಟ್ಟಗಾಗುವುದು ಕಡಿಮೆ. ಫಿಲ್ಟರಿನ ಕಾಫಿ ಚರಟ ಒಳ್ಳೆಯ ದಡದ ಮಣ್ಣಾಗುತ್ತದೆಂದು ಅರೆಬರೆ ಒಣಗಿಸಿ ಅಂಟಿಸಿದ್ದಕ್ಕೆ ಜುಲೈ ತಿಂಗಳ ಮಳೆಯಲ್ಲಿ ಬೂಷ್ಟು ಬಂದು, ಸಿಪಾಯಿಗಳ ಕಾಲಬುಡದಲ್ಲಿ ಬಿಳಿಕೂದಲು ಬೆಳೆಯಿತು.

ಆದರೆ ನನಗೆ ಬುದ್ಧಿ ಕಲಿಸಿದ್ದು ಹೊಳೆ.

ಹೊಳೆಯೆಂದರೆ ನೀರು, ನೀರೆಂದರೆ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಅಂಟುದ್ರವ) ಅಂದುಕೊಂಡು, ನೀಲಿ ಬೆರೆಸಿ ಒಂದೇ ಸಲಕ್ಕೆ ದಪ್ಪಗೆ ಸುರಿದೆ. ಎರಡು ಮೂರು ಮಿಲಿಮೀಟರಿನ ಪದರವಾಗಿ, ಒಂದು ಒಣಗಿದ ಮೇಲೆ ಇನ್ನೊಂದು ಸುರಿಯಬೇಕಿತ್ತು. ಬದಿಯ ಕಟ್ಟೆಯಲ್ಲಿ ಸೂಜಿಮೊನೆಯಷ್ಟು ಸಂದು ಇತ್ತೆಂದು ಕಾಣುತ್ತದೆ. ರಾತ್ರಿಯಿಡೀ ಕಾವೇರಿ ಆ ಸಂದಿನಿಂದ ಸೋರಿ, ಇಡೀ ಬೋರ್ಡನ್ನು ಊಟದ ಮೇಜಿಗೆ ಕಚ್ಚಿಸಿಬಿಟ್ಟಿತು. ಉಳಿ ತಂದು ಎಬ್ಬಿಸಬೇಕಾಯಿತು. ಗಾಯ ಇನ್ನೂ ಇದೆ, ಅದರ ಮೇಲೆ ಉಪ್ಪಿನಕಾಯಿ ಜಾಡಿ ಇಡುತ್ತೇವೆ.

ಆಮೇಲೆ ಒಂದು ಬೇಸಿಗೆಯಲ್ಲಿ ಶ್ರೀರಂಗಪಟ್ಟಣಕ್ಕೇ ಹೋಗಿ ಹೊಳೆಯ ದಡದಲ್ಲಿ ನಿಂತೆ. ಈಗ ಮೇಲೆ ಕನ್ನಂಬಾಡಿ ಕಟ್ಟೆ ಇದೆ, ನೀರು ಬಿಟ್ಟಾಗ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಆ ದಿನ ಬಿಟ್ಟಿರಲಿಲ್ಲ. ಕಣ್ಣು ಹಾಯುವವರೆಗೆ ಬೂದು ಬಂಡೆ, ನೀರು ಇಳಿದ ಗುರುತು ಬಂಡೆಯ ಮೈಮೇಲೆ ಗೆರೆಗೆರೆಯಾಗಿ, ಸಂದುಗಳಲ್ಲಿ ಮಾಸಲು ಮರಳು, ಅಲ್ಲಲ್ಲಿ ಗುಂಡಿನೀರು. ಅಲ್ಲಿ ನಿಂತಾಗ ಇತಿಹಾಸವೂ ತಲೆಗೆ ಹತ್ತಿತು. ಮುಂಗಾರು ಹಿಡಿದು ಹೊಳೆ ತುಂಬುವ ಮೊದಲೇ ಕೋಟೆ ಒಡೆಯಬೇಕೆಂಬ ಅವಸರ ಬ್ರಿಟಿಷರದ್ದು. ವಾಯವ್ಯದ ಕಡೆ ಗೋಡೆ ಒಡೆದು, ನಡುಹಗಲಿನಲ್ಲಿ ಡೇವಿಡ್ ಬೇರ್ಡ್‌ನ ಪಡೆ ದಾಟಿ ಬಂದದ್ದು ಇಂಥ ಕಲ್ಲುಹೊಳೆಯನ್ನೇ. ನಾನು ಮಾಡಿದ ನೀಲಿ ಮಡುವಿನಲ್ಲಿ ಆತನ ಅರ್ಧ ಸೈನ್ಯ ಮುಳುಗಿಹೋಗುತ್ತಿತ್ತು. ಕೋಟೆಯೂ ಉಳಿಯುತ್ತಿತ್ತೇನೋ!

ಒಂದು ಹಿಡಿ ಮರಳು, ಒಂದು ಪೊಟ್ಟಣ ಕೆಮ್ಮಣ್ಣು ತಂದೆ. ಮರಳು ದಂಧೆಯವನೆಂದು ಯಾರೂ ಹಿಡಿಯಲಿಲ್ಲ.

ಅಸಲಿ ಮಣ್ಣು ತಂದರೆ ಕೆಲಸ ಮುಗಿಯಿತು ಅನ್ನುವುದೂ ಸುಳ್ಳು. 28 ಮಿಲಿಮೀಟರ್ ಸೈನಿಕನ ಲೋಕ ನಮ್ಮದರ ಸುಮಾರು 56ನೆಯ ಒಂದು ಪಾಲು. ಒಂದು ಮಿಲಿಮೀಟರಿನ ಮರಳಿನ ಹರಳು ಅವನಿಗೆ ಐದೂವರೆ ಸೆಂಟಿಮೀಟರಿನ ಕಲ್ಲು. ಹೊಲದ ಮಣ್ಣನ್ನು ಹಾಗೇ ಅಂಟಿಸಿದರೆ ಅವನು ಜಲ್ಲಿರಾಶಿಯ ಮೇಲೆ ನಿಂತಂತೆ. ಹಾಗಾಗಿ ಮಣ್ಣನ್ನು ಬಾಣಲೆಯಲ್ಲಿ ಹುರಿದು, ಟೀ ಸೋಸುವ ಜಾಲರಿಯಲ್ಲಿ ಜಾಲಿಸಿ, ಕೆಳಗೆ ಬಿದ್ದ ನುಣ್ಣನೆಯದನ್ನಷ್ಟೇ ಬಳಸುತ್ತೇನೆ. ಮೇಲುಳಿದ ಹರಳಿನಲ್ಲಿ ಎರಡೋ ಮೂರೋ ಸಾಕು, ಅದೇ ಕಲ್ಲು. ಅಂಟು ಕುಡಿದ ಮಣ್ಣು ಒಣಗಿದ ಮೇಲೂ ಒದ್ದೆಯಾಗಿ, ಕಪ್ಪಗೆ ಕಾಣುತ್ತದೆ. ಅಸಲಿ ಕೆಮ್ಮಣ್ಣಿಗೂ ಕೆಮ್ಮಣ್ಣಿನ ಬಣ್ಣ ಹಚ್ಚಲೇಬೇಕು! ಮೊದಲು ಕಡುಗಂದು, ಆಮೇಲೆ ಇಟ್ಟಿಗೆಗೆಂಪು, ಕೊನೆಗೆ ಡ್ರೈ ಬ್ರಶ್: ಬ್ರಶ್ಶನ್ನು ಮಾಸಲು ಬಣ್ಣದಲ್ಲಿ ಅದ್ದಿ, ಹಳೇ ಬನಿಯನ್ನಿಗೆ ಮುಕ್ಕಾಲುವಾಸಿ ಒರೆಸಿ, ಉಳಿದ ಒಣಬಣ್ಣವನ್ನು ಹಗುರಾಗಿ ಸವರುವುದು. ಉಬ್ಬಿದ ಹರಳಿಗಷ್ಟೇ ಬಣ್ಣ ಹತ್ತಿ, ಬಿಸಿಲು ಬಿದ್ದಂತಾಗುತ್ತದೆ.

ಬಂಡೆಗೆ ಮರದ ತೊಗಟೆ ಬಳಸಿ ಅನ್ನುತ್ತಾರೆ. ತೊಗಟೆ ಪದರುಪದರಾಗಿ, ಚೂಪಾಗಿರುತ್ತದೆ. ಕಾವೇರಿಯ ಬಂಡೆ ನೀರು ತಿಕ್ಕಿ ತಿಕ್ಕಿ ದುಂಡಗಾದದ್ದು. ಗಟ್ಟಿ ಫೋಮಿನ ತುಂಡನ್ನು ಕೆತ್ತಿ ಉಪ್ಪುಕಾಗದದಿಂದ ಉಜ್ಜಿದೆ. ನೀರು ಬೇಕಾದದ್ದು ಆರು ಗುಂಡಿಗಳಿಗೆ ಮಾತ್ರ. ನಡುವೆ ಗಾಢ, ಅಂಚಿಗೆ ಮರಳಿನ ಬಣ್ಣ ಬಳಿದು, ಮೇಲೆ ಮೂರು ಕೈ ಹೊಳಪು ವಾರ್ನಿಶ್ ಹಚ್ಚಿದೆ, ಅಷ್ಟೇ. ರೆಸಿನ್ ಬಾಟಲಿ ಇನ್ನೂ ಅಟ್ಟದ ಮೇಲಿದೆ.

ಒಂದು ವಿಷಯದಲ್ಲಿ ಮಾತ್ರ ನಾನು ಸುಳ್ಳು ಹೇಳಿದ್ದೇನೆ. 56ನೆಯ ಒಂದು ಪಾಲಿನ ಲೆಕ್ಕ ಹಿಡಿದರೆ ನೂರು ಮೀಟರ್ ಹೊಳೆಗೆ ಆರಡಿ ಮೇಜು ಬೇಕು, ನಮ್ಮ ಮೇಜೇ ಐದಡಿ. ಹೊಳೆಯನ್ನು ಒಂದೂವರೆ ಅಡಿಗೆ ಕುಗ್ಗಿಸಿದೆ. ಈ ಆಟದಲ್ಲಿ ಸೈನಿಕ ಒಂದು ಅಳತೆ, ನೆಲ ಇನ್ನೊಂದು. ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ, ಬಣ್ಣ ತಪ್ಪಿದರೆ ಒಪ್ಪುವುದಿಲ್ಲ.

ಆ ಹತ್ತು ಮಂದಿಯ ಹುಲ್ಲು ಕೆರೆದು ಹಾಕಿದೆ. ಗಾಡಿಚಕ್ರ ಹೋಯಿತು, ಹೂ ಹೋಯಿತು. ಈಗ ಒಬ್ಬೊಬ್ಬನ ಕಾಲಡಿ ಇರುವುದು ಕೆಮ್ಮಣ್ಣು, ಒಂದು ಕಲ್ಲು, ಒಂದೆರಡು ಎಸಳು ಒಣಹುಲ್ಲು. ಮೊದಲ ಬಾರಿಗೆ ಅವರ ಮುಖ ಕಾಣುತ್ತಿದೆ. ಮೀಸೆಗೆ ನಾನು ಪಟ್ಟ ಪಾಡೂ ಕಾಣುತ್ತಿದೆ.

ಕಳೆದ ದಸರೆಯಲ್ಲಿ ಅಮ್ಮನೇ ಕರೆದು, ಬೋರ್ಡನ್ನು ಗೊಂಬೆಗಳ ಕೆಳಗಿನ ಸಾಲಿನಲ್ಲಿ ಇಡಿಸಿದಳು. ಬಹಳ ಹೊತ್ತು ನೋಡಿ, ‘ಹೂಂ, ಇದು ಹೊಳೆ ಕಣೋ’ ಅಂದಳು. ಆಮೇಲೆ ಬೆರಳು ತೋರಿಸಿ, ‘ಆ ದಡದಲ್ಲಿ ಲಕ್ಕಿ ಗಿಡ ಎಲ್ಲಿ?’ ಅಂದಳು.

ಲಕ್ಕಿ ಗಿಡ ಇನ್ನೂ ಆಗಿಲ್ಲ. ಎಲೆಗೆ ಏನು ಬಳಸಬೇಕೋ ಹುಡುಕುತ್ತಿದ್ದೇನೆ.