‘ಕಣ್ಣು’ ಎಂಬ ಪದದ ನಂಟರು

ನಮ್ಮ ಸೋಮವಾರಪೇಟೆಯ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಕನ್ನಡ, ಅರೆಭಾಷೆ, ಕೊಡವ, ತುಳು, ಮಲಯಾಳ, ತಮಿಳು ಎಲ್ಲವೂ ಕಿವಿಗೆ ಬೀಳುತ್ತವೆ. ಇಷ್ಟು ಭಾಷೆಗಳ ನಡುವೆ ಎಲ್ಲರಿಗೂ ಸ್ವಂತವಾದ ಪದವೊಂದುಂಟು. ಅದೇ ‘ಕಣ್ಣು’.

ಹಳಗನ್ನಡದಲ್ಲಿ ಇದರ ರೂಪ ‘ಕಣ್’, ತಮಿಳಿನಲ್ಲಿಯೂ ‘ಕಣ್’. ಮಲಯಾಳ, ತುಳು, ಕೊಡವ ಭಾಷೆಗಳವರು ಕೊನೆಯ ಸ್ವರವನ್ನು ತೇಲಿಸಿ ‘ಕಣ್ಣ್’ ಎನ್ನುತ್ತಾರೆ. ತೆಲುಗಿನಲ್ಲಿ ಣಕಾರವು ನಕಾರವಾಗಿ ‘ಕನ್ನು’ ಆಯಿತು. ಇನ್ನೂ ದೂರ ಹೋದರೆ, ಛೋಟಾನಾಗಪುರದ ಕುರುಖ್ ಭಾಷೆಯಲ್ಲಿ ‘ಖನ್ನ್’, ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ಬ್ರಾಹೂಈ ಭಾಷೆಯಲ್ಲಿ ‘ಖನ್’. ಈ ಎರಡರಲ್ಲಿ ಮೊದಲ ಅಕ್ಷರವು ಗಂಟಲನ್ನು ಉಜ್ಜಿಕೊಂಡು ಬರುತ್ತದೆ, ಅಷ್ಟೇ ವ್ಯತ್ಯಾಸ. ಬರೋ ಮತ್ತು ಎಮೆನೊ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ಕೋಶವು ಇಂತಹ ಜ್ಞಾತಿಪದಗಳನ್ನು ಒಂದೆಡೆ ಕೂಡಿಸಿದೆ.

ಸಂಸ್ಕೃತದ ‘ಅಕ್ಷಿ’ಯ ಕುಲವೇ ಬೇರೆ. ಅದು ಪ್ರಾಕೃತದಲ್ಲಿ ‘ಅಕ್ಖಿ’ಯಾಗಿ, ಹಿಂದಿಯಲ್ಲಿ ‘ಆಂಖ್’ ಆಯಿತು. ಲ್ಯಾಟಿನ್ನಿನ ‘ಓಕುಲುಸ್’, ಇಂಗ್ಲಿಷಿನ ‘ಐ’ ಅದರ ದಾಯಾದಿಗಳು. ಹೀಗೆ ಹತ್ತಿರದ ಹಿಂದಿ ನಮ್ಮ ಪದಕ್ಕೆ ನಂಟಲ್ಲ. ದೂರದ ಬ್ರಾಹೂಈ ನಂಟು!

ಅರ್ಥದ ವಿಸ್ತಾರವನ್ನೂ ನೋಡಬೇಕು. ತೆಂಗಿನಕಾಯಿಗೆ ಮೂರು ಕಣ್ಣು. ಜರಡಿಗೂ ಬಲೆಗೂ ಕಣ್ಣು. ನವಿಲುಗರಿಗೂ ಕಣ್ಣು. ಕಬ್ಬಿನ ಗೆಣ್ಣಿನಲ್ಲಿ ಮೊಳಕೆ ಒಡೆಯುವ ಜಾಗವೂ ಕಣ್ಣೇ. ತೋಟಗಾರರು ಮೊಗ್ಗನ್ನು ಕೂಡಿಸಿ ಗಿಡ ಬೆಳೆಸುವುದಕ್ಕೆ ‘ಕಣ್ಣು ಕಸಿ’ ಎನ್ನುತ್ತಾರೆ. ನೋಡುವ ಅಂಗದ ಹೆಸರು ಆಕಾರದ ಹೋಲಿಕೆಯಿಂದ ರಂಧ್ರಕ್ಕೂ ಮೊಳಕೆಗೂ ಸಂದಿತು.

ಇದನ್ನು ಬರೆಯಲು ಒಂದು ಕಾರಣವಿದೆ. ನಮ್ಮ ಮನೆಮಾತು ಅರೆಭಾಷೆ. ಹೈಸ್ಕೂಲಿನಲ್ಲಿ ನಾನೊಮ್ಮೆ ‘ಕಣ್ಣ್’ ಎಂದಾಗ ಸಹಪಾಠಿಗಳು ನಕ್ಕರು. ಆ ನಾಚಿಕೆಯನ್ನು ಮನೆಗೆ ಹೊತ್ತುಕೊಂಡು ಹೋಗಿ, ಅಕ್ಷರ ಕಲಿಯದ ನನ್ನ ಅಜ್ಜಿಯ ಮಾತನ್ನು ತಿದ್ದತೊಡಗಿದೆ. ಅಜ್ಜಿ ಸಿಟ್ಟಾಗಲಿಲ್ಲ, ನನ್ನೆದುರು ಮಾತನ್ನೇ ಕಡಿಮೆ ಮಾಡಿದರು.

ಹಳೆಯ ‘ಕಣ್’ ಎಂಬುದಕ್ಕೆ ಉಕಾರ ಸೇರಿದ್ದು ಆಮೇಲೆ ಎಂದು ಬಿ.ಎ. ತರಗತಿಯಲ್ಲಿ ಓದಿದಾಗ ನನ್ನ ತಪ್ಪು ತಿಳಿಯಿತು. ಅಜ್ಜಿಯದು ಕೆಟ್ಟ ಕನ್ನಡವಲ್ಲ. ತನ್ನದೇ ನಿಯಮವುಳ್ಳ ನುಡಿ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಲಿತದ್ದು ಮನೆಯವರ ಬಾಯಿ ಕಟ್ಟಿಸಬಾರದಷ್ಟೆ.

ಈಗ ರಜೆಯಲ್ಲಿ ಅಜ್ಜಿಯ ಬಳಿ ಕುಳಿತು ಅವರ ಮಾತುಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ತಿದ್ದುವ ಸರದಿ ಈಗ ಅವರದು.