ಹೃದಯ ಮತ್ತು ರಕ್ತನಾಳಗಳ ರಕ್ಷಣೆ

ಎದೆಯ ನಡುವೆ, ಕೊಂಚ ಎಡಕ್ಕೆ ವಾಲಿಕೊಂಡಿರುವ ಹೃದಯವು ಅವರವರ ಮುಷ್ಟಿಯಷ್ಟು ಗಾತ್ರದ್ದು. ಅದು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ನಾವು ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಮುಂದಕ್ಕೆ ನೂಕುತ್ತದೆ. ಈ ರಕ್ತವು ಧಮನಿಗಳ ಮೂಲಕ ಅಂಗಾಂಗಗಳಿಗೆ ಹೋಗಿ, ಸಿರೆಗಳ ಮೂಲಕ ಮರಳಿ ಹೃದಯವನ್ನೇ ಸೇರುವುದೆಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯು 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟನು.

ಸಕಲ ಅಂಗಗಳನ್ನು ಪೋಷಿಸುವ ಹೃದಯಕ್ಕೂ ಪೋಷಣೆ ಬೇಕಷ್ಟೆ. ಅದರ ಮೇಲೆ ಬಳ್ಳಿಯಂತೆ ಹಬ್ಬಿರುವ ಪರಿಧಮನಿಗಳು ಈ ಕೆಲಸವನ್ನು ಮಾಡುತ್ತವೆ. ಇವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂಡಿಕೊಳ್ಳುತ್ತ ಬರುತ್ತದೆ. ಒಂದು ದಿನ ಆ ಕೊಬ್ಬಿನ ಪದರು ಬಿರಿದರೆ ಅಲ್ಲಿ ರಕ್ತವು ಹೆಪ್ಪುಗಟ್ಟಿ ದಾರಿಯನ್ನು ಮುಚ್ಚುತ್ತದೆ. ರಕ್ತ ಕಾಣದ ಹೃದಯದ ಸ್ನಾಯು ಸಾಯತೊಡಗುತ್ತದೆ. ಇದೇ ಹೃದಯಾಘಾತ. ಮಿದುಳಿನ ನಾಳ ಮುಚ್ಚಿದರೆ ಲಕ್ವ ಹೊಡೆಯುತ್ತದೆ.

ಇದಕ್ಕೆ ಕಾರಣಗಳು ಹಲವು: ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತದಲ್ಲಿ ಹೆಚ್ಚಿದ ಕೊಬ್ಬು, ತಂಬಾಕು, ಬೊಜ್ಜು, ಮೈಬಗ್ಗಿಸದ ಬಾಳು. ವಂಶದಿಂದ ಬಂದ ದೋಷವೂ ಉಂಟು. ಇವುಗಳಲ್ಲಿ ರಕ್ತದೊತ್ತಡವು ಬಹಳ ಮೌನಿ. ಅದು 140/90ನ್ನು ಮುಟ್ಟಿದರೂ ನೋವಿಲ್ಲ, ನರಳಿಕೆಯಿಲ್ಲ. ಆದುದರಿಂದ ಅಳತೆ ಮಾಡಿಸಿಯೇ ಅದನ್ನು ತಿಳಿಯಬೇಕು. ವೈದ್ಯರು ಕೊಟ್ಟ ಮಾತ್ರೆಯನ್ನು 'ಈಗ ಆರಾಮಾಗಿದ್ದೇನೆ' ಎಂದು ತಾನಾಗಿಯೇ ನಿಲ್ಲಿಸುವುದು ಅಪಾಯಕರ; ಒತ್ತಡವು ಹತೋಟಿಯಲ್ಲಿರುವುದು ಆ ಮಾತ್ರೆಯಿಂದಲೇ ಆಗಿರಬಹುದು.

ಊಟದಲ್ಲಿ ಹಿತಮಿತವಿರಲಿ. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಮಿಗಿಂತ, ಎಂದರೆ ಒಂದು ಚಹದ ಚಮಚಕ್ಕಿಂತ, ಕಡಿಮೆಯಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾರಿಗೆ ಹಾಕಿದ ಉಪ್ಪನ್ನಷ್ಟೇ ಎಣಿಸಿದರೆ ಸಾಲದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳಲ್ಲಿರುವುದನ್ನೂ ಕೂಡಿಸಬೇಕು. ಜೋಳದ ರೊಟ್ಟಿ, ಕಾಳು, ಸೊಪ್ಪಿನ ಪಲ್ಯಗಳು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ಒಳ್ಳೆಯ ಆಹಾರಗಳು. ಕರಿದ ತಿಂಡಿ ಹಬ್ಬಕ್ಕೆ ಮೀಸಲಾಗಿರಲಿ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನವಾದರೂ ಬಿರುಸಾಗಿ ನಡೆಯಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ಪೂರ್ಣವಾಗಿ ಬಿಡಬೇಕು. ಧೂಮಪಾನವನ್ನು ಬಿಟ್ಟ ಒಂದು ವರ್ಷದಲ್ಲಿ ಅದರಿಂದ ಒದಗುವ ಹೃದ್ರೋಗದ ಭಯವು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕಡೆಯದಾಗಿ, ಗೃಹಸ್ಥರೆಲ್ಲರೂ ಮನಸ್ಸಿನಲ್ಲಿಡಬೇಕಾದ ಮಾತೊಂದಿದೆ. ಎದೆಯಲ್ಲಿ ಭಾರ ಹೇರಿದಂಥ ನೋವು, ಅದು ಎಡತೋಳಿಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಏದುಸಿರು, ಓಕರಿಕೆ: ಇವು ಹೃದಯಾಘಾತದ ಕುರುಹುಗಳು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ಎದೆನೋವಿಲ್ಲದೆ ಬರಿಯ ಆಯಾಸ, ಏದುಸಿರುಗಳಷ್ಟೇ ಕಾಣಿಸಬಹುದು. ಇದನ್ನು ವಾಯುವೆಂದೆಣಿಸಿ, ಓಮಿನ ಕಷಾಯ ಕುಡಿದು ಬೆಳಗಾಗಲೆಂದು ಕಾಯುವ ಮನೆಗಳು ಇಂದಿಗೂ ಇವೆ. ಹಾಗೆ ಕಳೆದ ಪ್ರತಿಯೊಂದು ನಿಮಿಷದಲ್ಲಿಯೂ ಸ್ನಾಯುವಿನ ಒಂದಂಶ ಸಾಯುತ್ತದೆ. ಸತ್ತದ್ದು ಮತ್ತೆ ಚಿಗುರದು. ಹೆಪ್ಪನ್ನು ಕರಗಿಸುವ ಮದ್ದೂ, ಮುಚ್ಚಿದ ನಾಳವನ್ನು ತೆರೆಯುವ ಚಿಕಿತ್ಸೆಯೂ ಇಂದು ಉಂಟು. ಆದರೆ ಅವು ಬೇಗ ಬಂದವರಿಗೆ ಹೆಚ್ಚು ಫಲ ಕೊಡುತ್ತವೆ. ರೋಗಿಯನ್ನು ನಡೆಸದೆ, ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸತಕ್ಕದ್ದು. ಪರೀಕ್ಷೆಯಲ್ಲಿ ಅದು ವಾಯುವೇ ಎಂದು ತಿಳಿದುಬಂದರೆ ಸಂತೋಷದಿಂದ ಮನೆಗೆ ಮರಳಬಹುದು. ತಡಮಾಡಿದ್ದಕ್ಕೆ ಮಾತ್ರ ಪರಿಹಾರವಿಲ್ಲ.