ಯೆಜ್ಡಿಯನ್ನು ತವರಿಗೆ ಕರೆದೊಯ್ಯುವವರಿಗೆ

ಬಳ್ಳಾರಿ ಪಾರ್ವತಿನಗರದ ಗೆಳೆಯರೇ, ಹಳೇ ಯೆಜ್ಡಿ ಬೈಕ್ ಹತ್ತಿ ಮೈಸೂರಿಗೆ ಹೊರಟಿದ್ದೀರಾ? ಬಹಳ ಸಂತೋಷ. 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಅಲ್ಲೇ. ಗಾಡಿಗೆ ಅದು ತವರುಮನೆ.

ಬಿಸಿಲೇರುವ ಮುಂಚೆ, ನಸುಕಿನಲ್ಲೇ ಹೊರಟು ಚಳ್ಳಕೆರೆ ದಾಟಿಬಿಡಿ. ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನು ಬಂಕಿನ ಹುಡುಗರಿಗೆ ಬಿಡಬೇಡಿ. ಲೀಟರಿಗೆ ಸುಮಾರು 40 ಮಿಲಿ, ನೀವೇ ಅಳೆದು ಹಾಕಿ. ಟೂ-ಸ್ಟ್ರೋಕ್ ಇಂಜಿನ್ನಿಗೆ ಆ ಎಣ್ಣೆಯೇ ಜೀವ. ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಜಾರಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಕಚ್ಚಿಕೊಳ್ಳಬಹುದು. ಆಗಾಗ ಸ್ವಲ್ಪ ರೇಸ್ ಕೊಡುತ್ತಿರಿ. ಸಂಡೂರಿನ ಇಳಿಜಾರಿನಲ್ಲಿ ನನ್ನ ಗಾಡಿ ಹಾಗೇ ಕಚ್ಚಿಕೊಂಡಿತ್ತು. ಹಿಂದಿನ ಚಕ್ರ ಟಾರಿನ ಮೇಲೆ ಮಾರುದ್ದ ಕರಿಗೆರೆ ಎಳೆದಿತ್ತು. ಕೂಡಲೇ ಕ್ಲಚ್ ಹಿಡಿದದ್ದರಿಂದ ಬೀಳದೆ ಉಳಿದೆ. ಇಂದಿಗೂ ಇಳಿಜಾರು ಬಂದರೆ ಎರಡು ಬೆರಳು ಕ್ಲಚ್ ಮೇಲೇ ಇರುತ್ತವೆ, ನಿಮ್ಮವೂ ಇರಲಿ.

ಒಂದು ಪ್ಲಗ್, ಒಂದು ಕ್ಲಚ್ ಕೇಬಲ್, ಆಯಿಲ್ ಡಬ್ಬಿ ಚೀಲದಲ್ಲಿರಲಿ.